ಡಿಸೋಜ ಎಂಬ ಅಡ್ಡಹೆಸರಿನ ಮೂಲವನ್ನೂ ಇಂದಿನ ಹರಹನ್ನೂ ಪತ್ತೆಹಚ್ಚುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಹಳಷ್ಟು ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಡಿಸೋಜ ಎಂಬ ಹೆಸರು ಒಂದಲ್ಲ ಒಂದು ಸಾಲಿನಲ್ಲಿ ಇದ್ದೇ ಇರುತ್ತದೆ. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರ ಹೆಸರೂ ಡಿಸೋಜ ಎಂದೇ ಇತ್ತು. ನಮ್ಮ ಕಿವಿಗೆ ಇಷ್ಟು ಒಗ್ಗಿಹೋದ ಈ ಹೆಸರು ಉತ್ತರ ಪೋರ್ಚುಗಲ್‌ನ ಒಂದು ಸಣ್ಣ ನದಿಯ ಹೆಸರು. ಅದು ಆ ನದಿಯ ದಡದಿಂದ ಬ್ರೆಜಿಲ್, ಗೋವಾ, ಮಂಗಳೂರು, ಮಲಾಕ್ಕಾ, ಪಶ್ಚಿಮ ಆಫ್ರಿಕಗಳವರೆಗೆ ಹೇಗೆ ಬಂದಿತು, ಇಂದು ಎಲ್ಲೆಲ್ಲಿ ಎಷ್ಟೆಷ್ಟು ದಟ್ಟವಾಗಿದೆ ಎಂಬುದನ್ನು ಒಬ್ಬ ಸಾಮಾನ್ಯ ಓದುಗರು ಕ್ರಮವಾಗಿ ಪತ್ತೆಹಚ್ಚುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪಿಂಟೊ, ಪಿರೇರಾ, ಫೆರ್ನಾಂಡಿಸ್, ಲೋಬೊ ಮೊದಲಾದ ಹೆಸರುಗಳಿಗೂ ಇದೇ ವಿಧಾನ ಒಪ್ಪುತ್ತದೆ. ಒಂದೇ ಹೆಸರನ್ನು ಕೊನೆಯವರೆಗೂ ಹಿಡಿದು ನಡೆದರೆ ದಾರಿ ಸ್ಪಷ್ಟವಾಗುವುದರಿಂದ ನಾನು ಡಿಸೋಜವನ್ನೇ ಆರಿಸಿಕೊಂಡಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಇಂಥ ಹೆಸರನ್ನು ನಾವು ಕೆಲವೊಮ್ಮೆ ಕುಲನಾಮ ಎಂದು ಕರೆಯುತ್ತೇವೆ. ಪೋರ್ಚುಗೀಸ್ ಹೆಸರುಗಳ ವಿಷಯದಲ್ಲಿ ಈ ಶಬ್ದವೇ ಶೋಧಕರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಈ ಹೆಸರು ಹೊತ್ತ ಬಹುಪಾಲು ಜನರಲ್ಲಿ ಅದು ರಕ್ತದ ಮೂಲಕ ಇಳಿದು ಬಂದದ್ದಲ್ಲ. ಹೆಸರಿನ ಚರಿತ್ರೆ, ಆ ಹೆಸರನ್ನು ಕೊಟ್ಟವರ ಚರಿತ್ರೆ, ಅದನ್ನು ಪಡೆದ ಕುಟುಂಬದ ಚರಿತ್ರೆ ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳದ ಶೋಧನೆ ಎಷ್ಟೇ ಶ್ರಮದ್ದಾಗಿದ್ದರೂ ಕೊನೆಗೆ ಕಟ್ಟುಕತೆಯಾಗಿಬಿಡುತ್ತದೆ. ಆದ್ದರಿಂದ ಟಿಪ್ಪಣಿ ಪುಸ್ತಕವನ್ನು ಮೊದಲ ದಿನವೇ ಮೂರು ಭಾಗ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಹೆಸರಿನ ಎಲ್ಲ ರೂಪಗಳನ್ನು ಪಟ್ಟಿ ಮಾಡುವುದು

ಕನ್ನಡದಲ್ಲಿಯೇ ಡಿಸೋಜ, ಡಿಸೋಜಾ, ಡಿಸೋಝಾ, ಡಿಸೂಜಾ, ಸೋಜ ಎಂದು ಹಲವು ಬರಹಗಳಿವೆ. ರೋಮನ್ ಲಿಪಿಯಲ್ಲಿ ಮುಖ್ಯವಾದ ವ್ಯತ್ಯಾಸ ಒಂದೇ ಅಕ್ಷರದ್ದು: ನಡುವೆ ಬರುವ ಅಕ್ಷರ ಎಸ್ ಆಗಿರಬಹುದು ಅಥವಾ ಝಡ್ ಆಗಿರಬಹುದು. ಹಳೆಯ ಪೋರ್ಚುಗೀಸ್ ದಾಖಲೆಗಳಲ್ಲಿ ಎರಡೂ ರೂಢಿಯಲ್ಲಿದ್ದವು. 1911ರ ಕಾಗುಣಿತ ಸುಧಾರಣೆಯ ಬಳಿಕ ಪೋರ್ಚುಗಲ್‌ನಲ್ಲಿ ಎಸ್ ಇರುವ ರೂಪ ನೆಲೆಗೊಂಡಿತು. ಬ್ರೆಜಿಲ್‌ನಲ್ಲಿಯೂ ಭಾರತದಲ್ಲಿಯೂ ಹಳೆಯ ಝಡ್ ರೂಪ ಜನರ ದಾಖಲೆಗಳಲ್ಲಿ ಹಾಗೆಯೇ ಉಳಿದುಕೊಂಡಿತು. ಆದುದರಿಂದ ಮಂಗಳೂರಿನ ಝಡ್ ಕಾಗುಣಿತವನ್ನು ಅಪಭ್ರಂಶವೆಂದು ಭಾವಿಸಬಾರದು. ಅದು ಹಳೆಯ ಬರವಣಿಗೆಯ ಉಳಿಕೆ.

ಉಚ್ಚಾರದ ವಿಷಯದಲ್ಲಂತೂ ಕನ್ನಡ ಮತ್ತು ಕೊಂಕಣಿ ಮೂಲಕ್ಕೆ ಹೆಚ್ಚು ಹತ್ತಿರದಲ್ಲಿವೆ. ಲಿಸ್ಬನ್ನಿನವರು ಈ ಹೆಸರನ್ನು ಹೇಳುವಾಗ ಮೊದಲ ಸ್ವರ ನಮ್ಮ ‘ಓ’ಕಾರದಂತೆಯೇ ಕೇಳಿಸುತ್ತದೆ. ಇಂಗ್ಲಿಷ್ ಕಾಗುಣಿತವನ್ನು ನೋಡಿ ಓದುವ ಅಭ್ಯಾಸದಿಂದ ಹುಟ್ಟಿದ್ದು ‘ಡಿಸೂಜಾ’ ಎಂಬ ರೂಪ. ನಮ್ಮ ಕರಾವಳಿಯ ಹಳ್ಳಿಯ ಹಿರಿಯರು ‘ಸೋಜ’ ಎಂದಾಗ ಅದು ಹಳ್ಳಿಯ ಉಚ್ಚಾರ ಎಂದು ತಿದ್ದಲು ಹೋಗುವವರು ಇದನ್ನು ನೆನಪಿಡಬೇಕೆಂದು ನನ್ನ ಕೋರಿಕೆ.

ಹೆಸರಿನ ಮೊದಲ ಭಾಗವಾದ ‘ಡಿ’ ಪೋರ್ಚುಗೀಸಿನ ‘ದ’ ಎಂಬ ಪ್ರತ್ಯಯದಂತಹ ಶಬ್ದದಿಂದ ಬಂದದ್ದು. ‘ಸೋಜದ’, ‘ಸೋಜಕ್ಕೆ ಸೇರಿದ’ ಎಂಬುದು ಅದರ ಅರ್ಥ. ಪೋರ್ಚುಗೀಸ್ ಬರವಣಿಗೆಯಲ್ಲಿ ವ್ಯಂಜನದ ಮುಂದೆ ಈ ಶಬ್ದವನ್ನು ಮೊಟಕುಗೊಳಿಸಿ ಮೇಲೆ ಲೋಪಚಿಹ್ನೆ (’) ಹಾಕುವ ಪದ್ಧತಿಯಿಲ್ಲ. ಆ ಚಿಹ್ನೆ ಭಾರತದಲ್ಲಿ ಇಂಗ್ಲಿಷ್ ಆಡಳಿತದ ಕಾಲದಲ್ಲಿ ಬೇರೂರಿದ ರೂಢಿ. ಶೋಧಕರಿಗೆ ಇದರಿಂದ ಎರಡು ಉಪಯೋಗಗಳಿವೆ. ಲೋಪಚಿಹ್ನೆಯಿರುವ ರೂಪವನ್ನು ಕಂಡಲ್ಲಿ ಆ ದಾಖಲೆ ಬ್ರಿಟಿಷ್ ಪ್ರಭಾವದ ಪ್ರದೇಶದ್ದು ಎಂದು ಸ್ಥೂಲವಾಗಿ ಊಹಿಸಬಹುದು. ಎರಡನೆಯದಾಗಿ, ಪೋರ್ಚುಗಲ್ ಮತ್ತು ಬ್ರೆಜಿಲ್‌ನ ಸೂಚಿಗಳಲ್ಲಿ ಈ ಹೆಸರು ಡಿ ಅಕ್ಷರದ ಕೆಳಗೆ ಸಿಗದು, ಎಸ್ ಅಕ್ಷರದ ಕೆಳಗೆ ಸಿಗುತ್ತದೆ. ಗಣಕಯಂತ್ರದಲ್ಲಿ ಹುಡುಕುವಾಗ ಚಿಹ್ನೆಯೊಂದಿಗೆ, ಚಿಹ್ನೆಯಿಲ್ಲದೆ, ನಡುವೆ ಜಾಗ ಬಿಟ್ಟು, ‘ದ’ ಶಬ್ದವನ್ನೇ ಕೈಬಿಟ್ಟು, ಹೀಗೆ ನಾಲ್ಕು ಬಗೆಯಲ್ಲೂ ಹುಡುಕಿ. ‘ದ’ ಇದ್ದರೆ ಕುಲೀನರು, ಇಲ್ಲದಿದ್ದರೆ ಸಾಮಾನ್ಯರು ಎಂಬ ನಂಬಿಕೆಗೆ ಪೋರ್ಚುಗಲ್‌ನಲ್ಲಿ ಆಧಾರವಿಲ್ಲ.

ಎರಡನೆಯ ಹೆಜ್ಜೆ: ಹೆಸರು ಯಾವ ಬಗೆಯದೆಂದು ಗುರುತಿಸುವುದು

ಪೋರ್ಚುಗೀಸ್ ಅಡ್ಡಹೆಸರುಗಳು ಮುಖ್ಯವಾಗಿ ನಾಲ್ಕು ಬಗೆ. ಫೆರ್ನಾಂಡಿಸ್, ರೊಡ್ರಿಗಸ್, ಗೊನ್ಸಾಲ್ವಿಸ್ ಮುಂತಾದವು ‘ಇಂಥವನ ಮಗ’ ಎಂದು ಸೂಚಿಸುವ ಪಿತೃನಾಮಗಳು. ಲೋಬೊ ಎಂದರೆ ತೋಳ. ಇಂಥವು ಯಾರಿಗೋ ಜನ ಇಟ್ಟ ಅಂಕಿತಗಳಾಗಿ ಆರಂಭವಾದವು. ಸಾಂತೊಸ್, ಕ್ರುಜ್ ಮುಂತಾದವು ಭಕ್ತಿಯಿಂದ ಬಂದ ಹೆಸರುಗಳು. ನಾಲ್ಕನೆಯವು ಸ್ಥಳನಾಮಗಳು. ಸೋಜ ಈ ನಾಲ್ಕನೆಯ ಗುಂಪಿನದು.

ಸ್ಥಳನಾಮವೆಂದು ಗೊತ್ತಾದೊಡನೆ ಭೂಪಟವನ್ನು ಬಿಡಿಸಬೇಕು. ಸೋಜ ನದಿಯು ಪೋರ್ಚುಗಲ್‌ನ ಉತ್ತರದಲ್ಲಿ ಫೆಲ್ಗೇರಸ್, ಲೊಸಾದ, ಪೆನಾಫಿಯೆಲ್, ಪರೇದಸ್ ಪ್ರದೇಶಗಳ ನಡುವೆ ಹರಿದು, ಪೋರ್ತೊ ನಗರದ ಸಮೀಪ ಗೊಂಡೊಮಾರ್ ಎಂಬಲ್ಲಿ ದೌರೊ ಮಹಾನದಿಯನ್ನು ಬಲದಂಡೆಯಿಂದ ಸೇರುತ್ತದೆ. ಸಂಗಮದ ಊರಿನ ಹೆಸರು ಫೊಜ್ ದೊ ಸೋಜ, ಎಂದರೆ ಸೋಜದ ಮುಖ. ಕಣಿವೆಯೊಳಗೆ ಪಾಸೊ ದ ಸೋಜ ಎಂಬ ಹಳೆಯ ಬೆನೆಡಿಕ್ಟೀನ್ ಮಠವಿದೆ. ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಎನ್ರಿಕೆಸ್‌ನ ಪಾಲಕನೆಂದು ಹೆಸರಾದ ಎಗಸ್ ಮೊನಿಜ್‌ನ ಸಮಾಧಿ ಅಲ್ಲಿದೆ. ಒಂದು ಹೆಸರಿನ ಸುತ್ತ ನದಿ, ಊರು, ಮಠ ಮೂರೂ ಒಟ್ಟಿಗೆ ಸಿಕ್ಕರೆ ಮೂಲಸ್ಥಳದ ಬಗ್ಗೆ ಸಂದೇಹ ಕಡಿಮೆಯಾಗುತ್ತದೆ. ನದಿಗೆ ಆ ಹೆಸರು ಏಕೆ ಬಂತು ಎಂಬುದು ಬೇರೆಯೇ ಪ್ರಶ್ನೆ. ಅಡ್ಡಹೆಸರಿನ ಶೋಧನೆಯಲ್ಲಿ ಅದನ್ನು ಬೆರೆಸುವ ಅಗತ್ಯವಿಲ್ಲ.

ಮೂರನೆಯ ಹೆಜ್ಜೆ: ಮೊದಲು ಆ ಹೆಸರು ಹೊತ್ತವರನ್ನು ಕಾಣುವುದು

ಮಧ್ಯಯುಗದ ಪೋರ್ಚುಗಲ್‌ನ ಉತ್ತರ ಭಾಗವನ್ನು ಆಳಿದ ಐದು ದೊಡ್ಡ ಮನೆತನಗಳಲ್ಲಿ ಸೋಜ ಮನೆತನವೂ ಒಂದು. ಫೆಲ್ಗೇರಸ್‌ನ ಪೊಂಬೇರೊ ಮಠ ಅವರ ಆಶ್ರಯದಲ್ಲಿ ಬೆಳೆಯಿತು. ಇವರ ಕುರಿತ ಮುಖ್ಯ ಆಕರಗಳೆಂದರೆ 13 ಮತ್ತು 14ನೇ ಶತಮಾನಗಳ ವಂಶಾವಳಿ ಗ್ರಂಥಗಳು. ಅವುಗಳಲ್ಲಿ ಬಾರ್ಸೆಲೊಸ್‌ನ ಕೌಂಟ್ ಪೆದ್ರೊ ಸಿದ್ಧಪಡಿಸಿದ್ದು ಅತ್ಯಂತ ಪ್ರಸಿದ್ಧ. ಮೂಲ ದಾಖಲೆಗಳಿಗೆ ಲಿಸ್ಬನ್ನಿನ ತೊರ್ರೆ ದೊ ತೊಂಬೊ ಎಂಬ ರಾಷ್ಟ್ರೀಯ ಪತ್ರಾಗಾರವಿದೆ; ಅಲ್ಲಿನ ಬಹಳಷ್ಟು ಸಾಮಗ್ರಿಯನ್ನು ಇಂದು ಅಂತರಜಾಲದಲ್ಲಿಯೇ ಶುಲ್ಕವಿಲ್ಲದೆ ನೋಡಬಹುದು.

ಇಲ್ಲಿ ನಿಧಾನವಾಗಿ ಓದಬೇಕಾದ ಒಂದು ಘಟನೆಯಿದೆ. 13ನೇ ಶತಮಾನದ ಕೊನೆಯ ಹೊತ್ತಿಗೆ ಈ ಮನೆತನದ ಗಂಡು ಸಂತತಿ ನಿಂತುಹೋಯಿತು. ತಾಯಂದಿರ ಕಡೆಯಿಂದ ಮನೆತನಕ್ಕೆ ವಾರಸುದಾರರಾಗಿದ್ದ ಇಬ್ಬರು ಸ್ತ್ರೀಯರನ್ನು ರಾಜ ಮೂರನೇ ಅಫೊನ್ಸೊವಿನ ಇಬ್ಬರು ವಿವಾಹೇತರ ಪುತ್ರರು ಮದುವೆಯಾದರು. ಅವರ ಸಂತತಿ ತಾಯಿಯ ಕಡೆಯ ಆಸ್ತಿಯ ಜೊತೆಗೆ ಸೋಜ ಎಂಬ ಹೆಸರನ್ನೂ ಮುಂದುವರಿಸಿತು. ಅಂದರೆ, ಅತ್ಯಂತ ಕುಲೀನವೆಂದು ಎಣಿಸಿದ ಶಾಖೆಗಳಲ್ಲಿಯೇ ಈ ಹೆಸರು ತಂದೆಯಿಂದ ಮಗನಿಗೆ ನೇರವಾಗಿ ಇಳಿದು ಬಂದಿಲ್ಲ. ‘ನಮ್ಮದು ಅಸಲಿ ಸೋಜ ವಂಶ’ ಎಂದು ಯಾರಾದರೂ ಹೇಳಿದರೆ ಆ ಅಸಲಿತನದ ಬೇರು ಎಲ್ಲಿದೆ ಎಂದು ಈ ಒಂದು ಸಂಗತಿ ತೋರಿಸಿಕೊಡುತ್ತದೆ.

ಲಾಂಛನಗಳ ಬಗ್ಗೆಯೂ ಎಚ್ಚರ ಬೇಕು. 16ನೇ ಶತಮಾನದ ಆರಂಭದಲ್ಲಿ ರಾಜ ಮೊದಲನೇ ಮನುಯೆಲ್ ಸಿಂತ್ರಾ ಅರಮನೆಯ ಸಭಾಂಗಣವೊಂದರ ಚಾವಣಿಯಲ್ಲಿ 72 ಕುಲೀನ ಮನೆತನಗಳ ಲಾಂಛನಗಳನ್ನು ಬರೆಸಿದನು. ಸೋಜ ಮನೆತನದ್ದೂ ಅವುಗಳಲ್ಲಿದೆ. ಆದರೆ ಲಾಂಛನ ಸೇರಿದ್ದು ಆ ಮನೆತನಕ್ಕೇ ಹೊರತು ಆ ಅಡ್ಡಹೆಸರಿನ ಎಲ್ಲರಿಗೂ ಅಲ್ಲ. ‘ನಿಮ್ಮ ಕುಟುಂಬದ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವ ಚಿತ್ರಗಳನ್ನು ಸಾಕ್ಷ್ಯವೆಂದು ಇಟ್ಟುಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಹೆಸರು ಸಮುದ್ರ ದಾಟಿದ ದಾರಿಯನ್ನು ಕಾಲಾನುಕ್ರಮವಾಗಿ ಬರೆಯುವುದು

ಇದಕ್ಕೆ ದೊಡ್ಡ ಅಧಿಕಾರಿಗಳ ಚರಿತ್ರೆಯೇ ಒಳ್ಳೆಯ ಆರಂಭ. ಮಾರ್ತಿಂ ಅಫೊನ್ಸೊ ದ ಸೋಜ 1532ರಲ್ಲಿ ಬ್ರೆಜಿಲ್‌ನ ಕರಾವಳಿಯಲ್ಲಿ ಸಾಂವ್ ವಿಸೆಂತೆ ವಸಾಹತನ್ನು ಸ್ಥಾಪಿಸಿದನು. ಹತ್ತು ವರ್ಷಗಳ ಬಳಿಕ, 1542ರಲ್ಲಿ, ಅದೇ ವ್ಯಕ್ತಿ ಪೋರ್ಚುಗೀಸ್ ಭಾರತದ ರಾಜ್ಯಪಾಲನಾಗಿ ಗೋವೆಗೆ ಬಂದಿಳಿದನು. ಅವನೊಂದಿಗೆ ಬಂದವರು ಸಂತ ಫ್ರಾನ್ಸಿಸ್ ಕ್ಸೇವಿಯರ್. ಅವನ ಬಂಧು ತೊಮೆ ದ ಸೋಜ 1549ರಲ್ಲಿ ಬ್ರೆಜಿಲ್‌ನ ಮೊದಲ ಮಹಾರಾಜ್ಯಪಾಲನಾಗಿ ಸಾಲ್ವಡೋರ್ ನಗರವನ್ನು ಕಟ್ಟಿಸಿದನು. ಇಂದು ಈ ಹೆಸರು ದಟ್ಟವಾಗಿರುವ ಎರಡು ಭೂಭಾಗಗಳಲ್ಲಿಯೂ ಆರಂಭದ ದಶಕಗಳಲ್ಲೇ ಅಧಿಕಾರದ ತುದಿಯಲ್ಲಿ ಸೋಜರಿದ್ದರು ಎಂಬುದು ಗಮನಾರ್ಹ.

ಆದರೆ ಇವರ ಮಕ್ಕಳು ಮೊಮ್ಮಕ್ಕಳಿಂದಲೇ ಹೆಸರು ಲಕ್ಷಾಂತರ ಜನರಿಗೆ ಹರಡಿತೆಂದು ತಿಳಿಯುವುದು ತಪ್ಪು. ಹೆಸರು ಹರಡಿದ್ದು ದೀಕ್ಷಾಸ್ನಾನದ ಮೂಲಕ. ಗೋವೆಯಲ್ಲಿ ಕ್ರೈಸ್ತರಾದ ಸ್ಥಳೀಯರು ಧರ್ಮಪಿತನಾಗಿ (ದೀಕ್ಷೆಯ ವೇಳೆ ಹೊಣೆ ಹೊತ್ತವನಾಗಿ) ನಿಂತ ಪೋರ್ಚುಗೀಸನ ಹೆಸರನ್ನೋ ದೀಕ್ಷೆ ಕೊಟ್ಟ ಪಾದ್ರಿಯ ಹೆಸರನ್ನೋ ಪಡೆದರು. ಬ್ರೆಜಿಲ್‌ನಲ್ಲಿ ಮೂಲನಿವಾಸಿಗಳಿಗೂ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರಿಗೂ ಧರ್ಮಪಿತರ ಅಥವಾ ಒಡೆಯರ ಹೆಸರುಗಳು ಅಂಟಿದವು. ಎಷ್ಟೋ ಜನರ ಪಾಲಿಗೆ ಈ ಹೆಸರು ತಮ್ಮನ್ನು ಕೊಂಡವರ ಗುರುತಾಗಿತ್ತು ಎಂಬುದನ್ನು ಟಿಪ್ಪಣಿಯಲ್ಲಿ ಮರೆಸದೆ ಬರೆಯಬೇಕು.

ಪಶ್ಚಿಮ ಆಫ್ರಿಕದ ಬೆನಿನ್ ದೇಶದಲ್ಲಿಯೂ ಅದರ ನೆರೆಯ ಟೋಗೊದಲ್ಲಿಯೂ ದ ಸೋಜ ಎಂಬುದು ಹೆಸರಾಂತ ಮನೆತನ. ಅದರ ಮೂಲಪುರುಷ ಫ್ರಾನ್ಸಿಸ್ಕೊ ಫೆಲಿಸ್ ದ ಸೋಜ, ಬ್ರೆಜಿಲ್‌ನಿಂದ ಹೋಗಿ ಉಯಿದಾ ಪಟ್ಟಣದಲ್ಲಿ ನೆಲೆಸಿದ ಗುಲಾಮ ವ್ಯಾಪಾರಿ. ಅಲ್ಲಿನ ದಹೊಮೆ ರಾಜ್ಯದ ರಾಜ ಗೆಜೊನ ಆಪ್ತನಾಗಿ ‘ಚಾಚಾ’ ಎಂಬ ಬಿರುದು ಪಡೆದ ಅವನು 1849ರಲ್ಲಿ ತೀರಿಕೊಂಡನು. ಇಲ್ಲಿ ಮಾತ್ರ ಹೆಸರಿನ ಹರಡುವಿಕೆಗೆ ಒಬ್ಬನ ದೊಡ್ಡ ಸಂತತಿಯೇ ಮುಖ್ಯ ಕಾರಣ. ಆದ್ದರಿಂದ ಗೋವೆಯ ನಿಯಮವನ್ನು ಬೆನಿನ್‌ಗೆ ಅನ್ವಯಿಸಲಾಗದು. 1511ರಲ್ಲಿ ಪೋರ್ಚುಗೀಸರ ವಶವಾದ ಮಲಾಕ್ಕಾದಲ್ಲಿಯೂ ಸಿಂಗಾಪುರದ ಯುರೇಷಿಯನ್ ಸಮುದಾಯದಲ್ಲಿಯೂ ದ ಸೋಜರಿದ್ದಾರೆ. ಶ್ರೀಲಂಕಾದ ಸೊಯ್ಸ, ದ ಸೊಯ್ಸ ಎಂಬ ಹೆಸರುಗಳನ್ನೂ ಇದೇ ಹೆಸರಿನ ಸಿಂಹಳ ರೂಪಗಳೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಐದನೆಯ ಹೆಜ್ಜೆ: ಕರಾವಳಿ ಕರ್ನಾಟಕದ ಎಳೆಯನ್ನು ಹಿಡಿಯುವುದು

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗೋವೆಯಿಂದ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ವಲಸೆ ಬಂದದ್ದು ಒಂದೇ ಸಲ ಅಲ್ಲ. 1560ರಲ್ಲಿ ಆರಂಭವಾದ ಧರ್ಮವಿಚಾರಣಾ ಮಂಡಳಿಯ (ಇನ್‌ಕ್ವಿಸಿಶನ್) ಭಯ, ಬರಗಾಲ, ತೆರಿಗೆಯ ಹೊರೆ, 1683ರಲ್ಲಿ ಮತ್ತು 1739–40ರಲ್ಲಿ ನಡೆದ ಮರಾಠರ ದಾಳಿಗಳು, ಹೀಗೆ ಬೇರೆಬೇರೆ ಕಾರಣಗಳಿಂದ ಅಲೆಅಲೆಯಾಗಿ ಅವರು ಬಂದರು. ಒಳ್ಳೆಯ ಬೇಸಾಯಗಾರರೆಂದು ಅವರಿಗೆ ಇಕ್ಕೇರಿ ಅರಸರ ಸೀಮೆಯಲ್ಲಿ ನೆಲ ಸಿಕ್ಕಿತು. ಆದುದರಿಂದ ಮಂಗಳೂರಿನ ಎರಡು ಡಿಸೋಜ ಕುಟುಂಬಗಳು ಗೋವೆಯ ಬೇರೆಬೇರೆ ಊರುಗಳಿಂದ, ಬೇರೆಬೇರೆ ಶತಮಾನಗಳಲ್ಲಿ ಬಂದಿರಬಹುದು. ಅವರ ನಡುವೆ ಹೆಸರಲ್ಲದೆ ಬೇರೇನೂ ಸಾಮಾನ್ಯವಾಗಿಲ್ಲದಿರಬಹುದು.

ಶೋಧನೆಯನ್ನು ಇಂದಿನಿಂದ ಹಿಂದಕ್ಕೆ ನಡೆಸಿ. ನಿಮ್ಮ ಇಗರ್ಜಿಯ (ಚರ್ಚಿನ) ದೀಕ್ಷಾಸ್ನಾನ, ಮದುವೆ, ಮರಣ ದಾಖಲೆಗಳಿಂದ ಆರಂಭಿಸಿ, ಒಂದೊಂದು ತಲೆಮಾರಿಗೂ ಮೂರೂ ಬಗೆಯ ದಾಖಲೆಗಳನ್ನು ಕೂಡಿಸಿ ನೋಡಿ. ಧರ್ಮಗುರುಗಳ ಅನುಮತಿ ಪಡೆದು, ಅವರು ತಿಳಿಸಿದ ದಿನವೇ ಹೋಗಿ. ಪುಸ್ತಕದ ಫೋಟೊ ತೆಗೆಯಬಹುದೇ ಎಂದು ಕೇಳಿದ ಮೇಲೆಯೇ ಮೊಬೈಲ್ ಹೊರತೆಗೆಯಿರಿ. ಹಳೆಯ ಪುಸ್ತಕಗಳು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿರುತ್ತವೆ. ಕೆಲವೇ ಶಬ್ದಗಳು ಗೊತ್ತಿದ್ದರೆ ಸಾಕಾಗುತ್ತದೆ: ‘ಫಿಲ್ಯೊ’ ಎಂದರೆ ಮಗ, ‘ಫಿಲ್ಯ’ ಮಗಳು, ‘ನತುರಾಲ್ ದ’ ಎಂಬುದರ ಮುಂದೆ ಹುಟ್ಟೂರು, ‘ಪದ್ರಿಞೊ’ ಎಂದರೆ ಧರ್ಮಪಿತ. ಧರ್ಮಪಿತನ ಹೆಸರನ್ನು ಪ್ರತಿಸಲವೂ ಬರೆದುಕೊಳ್ಳಿ. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಒಂದೇ ಹೆಸರಿನ ಎರಡು ಮನೆಗಳನ್ನು ಬೇರ್ಪಡಿಸಲು ನೆರವಾಗುವುದು ಹಲವು ಬಾರಿ ಅದೊಂದೇ.

ಹಿಂದಕ್ಕೆ ಹೋದಂತೆ ನೀವು 1784ಕ್ಕೆ ಬಂದು ತಲುಪುತ್ತೀರಿ. ಆ ವರ್ಷ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವಾರು ಇಗರ್ಜಿಗಳು ನೆಲಸಮವಾದವು. ಬದುಕುಳಿದವರು ಮರಳಿದ್ದು 1799ರ ನಂತರ. ಇಗರ್ಜಿಯೊಂದಿಗೆ ದಾಖಲೆಯೂ ಹೋಯಿತು. ಈ ಹದಿನೈದು ವರ್ಷಗಳ ಕಂದಕವನ್ನು ಊಹೆಯಿಂದ ತುಂಬಬೇಡಿ. ಟಿಪ್ಪಣಿಯಲ್ಲಿ ಖಾಲಿಯಾಗಿಯೇ ಬಿಡಿ.

ಕಂದಕದ ಆಚೆಗೆ ದಾಟಲು ಒಂದು ಸೇತುವೆಯಿದೆ. ಮಂಗಳೂರಿನ ಅನೇಕ ಕ್ರೈಸ್ತ ಮನೆಗಳು ಪೋರ್ಚುಗೀಸ್ ಹೆಸರಿನ ಜೊತೆಗೆ ಪ್ರಭು, ಕಾಮತ್, ಪೈ, ಶೇಟ್, ನಾಯ್ಕ್ ಮುಂತಾದ ಹಳೆಯ ಹೆಸರನ್ನೂ ನೆನಪಿನಲ್ಲಿ ಉಳಿಸಿಕೊಂಡಿವೆ. ಮನೆಯ ಹಿರಿಯರಲ್ಲಿ ‘ನಮ್ಮ ಮೊದಲಿನ ಹೆಸರೇನು, ಗೋವೆಯ ಯಾವ ಗ್ರಾಮ’ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ದಿನಾಂಕದೊಂದಿಗೆ ಬರೆದಿಡಿ. ಗ್ರಾಮದ ಹೆಸರು ಸಿಕ್ಕರೆ ಪಣಜಿಯಲ್ಲಿರುವ ಗೋವಾ ಸರಕಾರದ ಪತ್ರಾಗಾರದಲ್ಲಿ ಆ ಗ್ರಾಮದ ಗಾಂವ್ಕಾರರ (ಗ್ರಾಮದ ಮೂಲ ಕುಟುಂಬಗಳವರ) ದಾಖಲೆಗಳನ್ನು ಕೇಳಬಹುದು; ಮತಾಂತರದ ಮೊದಲಿನ ಹಾಗೂ ನಂತರದ ಹೆಸರುಗಳು ಎದುರುಬದುರಾಗಿ ಸಿಗುವ ಸಾಧ್ಯತೆ ಅಲ್ಲಿಯೇ ಹೆಚ್ಚು. ಇಡೀ ಶೋಧನೆಯಲ್ಲಿ ಅತ್ಯಂತ ತುರ್ತಿನ ಕೆಲಸ ಹಿರಿಯರನ್ನು ಕೇಳುವುದೇ ಎಂದು ನನ್ನ ದೃಢವಾದ ಅಭಿಪ್ರಾಯ. ಪತ್ರಾಗಾರದ ಕಟ್ಟು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಮುಂಬಯಿಯ ಡಿಸೋಜರನ್ನು ಕಂಡಾಗ ಅವರೆಲ್ಲ ಗೋವೆ ಅಥವಾ ಮಂಗಳೂರಿನಿಂದ ಹೋದವರೆಂದು ತೀರ್ಮಾನಿಸಬಾರದು. 1534ರಲ್ಲಿ ಪೋರ್ಚುಗೀಸರಿಗೆ ಸೇರಿದ ವಸಾಯಿ ಪ್ರದೇಶದ, ಮರಾಠಿಯ ಒಳನುಡಿಯನ್ನಾಡುವ ಈಸ್ಟ್ ಇಂಡಿಯನ್ ಕ್ರೈಸ್ತರಲ್ಲಿಯೂ ಈ ಹೆಸರಿದೆ, ಮತ್ತು ಅವರ ಚರಿತ್ರೆ ಬೇರೆ.

ಆರನೆಯ ಹೆಜ್ಜೆ: ಇಂದಿನ ಹರಹನ್ನು ಎಣಿಸುವುದು

ಎಣಿಕೆಗೆ ಇಳಿಯುವ ಮೊದಲು ಒಟ್ಟು ಸಂಖ್ಯೆ ಮತ್ತು ಸಾಂದ್ರತೆ ಬೇರೆಬೇರೆ ಎಂಬುದನ್ನು ತಿಳಿದಿರಬೇಕು. ಬ್ರೆಜಿಲ್‌ನ ಸರಕಾರಿ ಸಂಖ್ಯಾಶಾಸ್ತ್ರ ಸಂಸ್ಥೆಯು 2022ರ ಜನಗಣತಿಯ ಆಧಾರದಲ್ಲಿ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸಿದೆ. ಅದರಲ್ಲಿ ಸಿಲ್ವ, ಸಾಂತೊಸ್, ಒಲಿವೇರ ಹೆಸರುಗಳ ನಂತರ ನಾಲ್ಕನೆಯ ಸ್ಥಾನ ಝಡ್ ಕಾಗುಣಿತದ ಸೋಜದ್ದು. ಆ ಹೆಸರಿನವರು ಸುಮಾರು 92 ಲಕ್ಷ. ದೇಶದ ಜನಸಂಖ್ಯೆ ಸುಮಾರು 20.3 ಕೋಟಿ. ಭಾಗಿಸಿದರೆ ಸಾವಿರಕ್ಕೆ 45 ಮಂದಿ ಬರುತ್ತಾರೆ. 2021ರ ಜನಗಣತಿಯಂತೆ ಇಡೀ ಪೋರ್ಚುಗಲ್‌ನ ಜನಸಂಖ್ಯೆಯೇ ಸುಮಾರು 1.03 ಕೋಟಿ. ಒಂದು ಸಣ್ಣ ನದಿಯ ಹೆಸರನ್ನು ಹೊತ್ತವರು ಒಂದೇ ಹೊರದೇಶದಲ್ಲಿ ಮೂಲದೇಶದ ಒಟ್ಟು ಜನರಿಗೆ ಸರಿಸಮ ಎನ್ನುವಷ್ಟು ಆಗಿದ್ದಾರೆ.

ಎಸ್ ಕಾಗುಣಿತದವರನ್ನು ಆ ಪಟ್ಟಿ ಪ್ರತ್ಯೇಕವಾಗಿ ತೋರಿಸುತ್ತದೆ. ಎರಡು ಸಂಖ್ಯೆಗಳನ್ನು ಕೂಡಿಸಿದರೆ ಕೂಡಿಸಿದ್ದೇನೆಂದು ಬರೆಯಿರಿ. ಬ್ರೆಜಿಲ್‌ನ ಝಡ್ ಸಂಖ್ಯೆಯನ್ನು ಪೋರ್ಚುಗಲ್‌ನ ಎಸ್ ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸಬೇಡಿ. ಇನ್ನೊಂದು ತೊಡಕು ಹೆಸರಿಡುವ ಕ್ರಮದ್ದು. ಪೋರ್ಚುಗೀಸ್ ಪದ್ಧತಿಯಲ್ಲಿ ತಾಯಿಯ ಅಡ್ಡಹೆಸರು ಮೊದಲು, ತಂದೆಯದು ಕೊನೆಗೆ ಬರುವುದು ವಾಡಿಕೆ, ಮತ್ತು ಒಬ್ಬರಿಗೆ ನಾಲ್ಕು ಅಡ್ಡಹೆಸರುಗಳವರೆಗೂ ಇರಬಹುದು. ಕೊನೆಯದನ್ನು ಮಾತ್ರ ಎಣಿಸಿದ ಪಟ್ಟಿಗೂ ಎಲ್ಲವನ್ನೂ ಎಣಿಸಿದ ಪಟ್ಟಿಗೂ ಅಜಗಜಾಂತರ ವ್ಯತ್ಯಾಸ ಬರುತ್ತದೆ.

ಭಾರತದ ಜನಗಣತಿಯು ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಹೀಗಾಗಿ ಮತದಾರರ ಪಟ್ಟಿಗಳು ಮತ್ತು ಇಗರ್ಜಿಗಳ ಕುಟುಂಬ ಪಟ್ಟಿಗಳೇ ನಮಗಿರುವ ಆಧಾರ. ಒಂದು ವಿಧಾನಸಭಾ ಕ್ಷೇತ್ರವನ್ನು ತೆಗೆದುಕೊಂಡು, ಕೆಲವು ಮತಗಟ್ಟೆಗಳ ಪಟ್ಟಿಯಲ್ಲಿ ಈ ಹೆಸರನ್ನು ಎಣಿಸಿ, ಸಾವಿರ ಮತದಾರರಿಗೆ ಎಷ್ಟೆಂದು ಲೆಕ್ಕಹಾಕಿ. ವ್ಯಕ್ತಿಗಳ ವಿವರಗಳನ್ನು ಮಾತ್ರ ಎಲ್ಲಿಯೂ ನಕಲು ಮಾಡಬೇಡಿ. ಕರಾವಳಿಯಿಂದ ಘಟ್ಟ ಹತ್ತಿ ಚಿಕ್ಕಮಗಳೂರು, ಕೊಡಗು, ಶಿವಮೊಗ್ಗಗಳ ಕಡೆಗೆ ಹೋದಂತೆ ಸಂಖ್ಯೆ ಹೇಗೆ ತೆಳುವಾಗುತ್ತದೆ, ಎಲ್ಲಿ ಮತ್ತೆ ಗಟ್ಟಿಯಾಗುತ್ತದೆ ಎಂಬುದನ್ನು ಗುರುತಿಸಿದರೆ ಕಾಫಿ ತೋಟಗಳ ಕಡೆಗೆ ಜನ ನಡೆದ ಹಾದಿಯೇ ಕಾಗದದ ಮೇಲೆ ಮೂಡಬಹುದು. ಜಗತ್ತಿನ ಎಲ್ಲ ಹೆಸರುಗಳಿಗೂ ಅಂಕಿ ಕೊಡುವ ಜಾಲತಾಣಗಳ ಸಂಖ್ಯೆಗಳು ಅಂದಾಜುಗಳು. ದಿಕ್ಕು ತಿಳಿಯಲು ಬಳಸಿ, ಬರಹದಲ್ಲಿ ಎಣಿಕೆಯೆಂದು ಕೊಡಬೇಡಿ.

ಏಳನೆಯ ಹೆಜ್ಜೆ: ದಂತಕತೆಗಳನ್ನು ಬೇರ್ಪಡಿಸುವುದು

ಅಮೆರಿಕದ ಪ್ರಖ್ಯಾತ ವಾದ್ಯಮೇಳ ನಾಯಕ ಜಾನ್ ಫಿಲಿಪ್ ಸೋಜ (ಅಲ್ಲಿನವರ ಬಾಯಲ್ಲಿ ಸೂಸಾ) ಬಗ್ಗೆ ಒಂದು ಕತೆ ಹಬ್ಬಿತ್ತು. ಅವನ ನಿಜವಾದ ಹೆಸರಿನ ಮೊದಲಕ್ಷರಗಳು ಎಸ್ ಮತ್ತು ಓ. ವಲಸೆ ಬಂದಾಗ ಪೆಟ್ಟಿಗೆಯ ಮೇಲೆ ಅವುಗಳ ಮುಂದೆ ಯು.ಎಸ್.ಎ. ಎಂದು ಬರೆದದ್ದೇ ಹೆಸರಾಯಿತು ಎಂಬುದು ಆ ಕತೆ. ಅವನು ಹುಟ್ಟಿದ್ದು 1854ರಲ್ಲಿ ವಾಷಿಂಗ್ಟನ್ನಿನಲ್ಲಿ, ಪೋರ್ಚುಗೀಸ್ ಮನೆತನದ ತಂದೆಗೆ. ಕತೆಯನ್ನು ಅವನೇ ನಿರಾಕರಿಸಿದನು. ಜೀವಂತ ವ್ಯಕ್ತಿಯ ಹೆಸರಿಗೇ ಹೀಗಾದರೆ ನಾಲ್ಕು ಶತಮಾನ ಹಿಂದಿನ ಹೆಸರಿಗೆ ಎಷ್ಟು ಕತೆಗಳು ಅಂಟಿರಬಹುದೆಂದು ಊಹಿಸಬಹುದು. ಪ್ರತಿಯೊಂದು ಹೇಳಿಕೆಯ ಪಕ್ಕದಲ್ಲಿ ‘ದಾಖಲೆ ಕಂಡಿದ್ದೇನೆ’, ‘ಮನೆಯವರು ಹೇಳಿದ್ದು’, ‘ಎಲ್ಲೋ ಓದಿದ್ದು’ ಎಂಬ ಮೂರರಲ್ಲಿ ಒಂದನ್ನು ನಮೂದಿಸಿ. ವಂಶವಾಹಿ (ಡಿಎನ್‌ಎ) ಪರೀಕ್ಷೆಗಳು ಕುಟುಂಬದ ಮೂಲದ ಬಗ್ಗೆ ಏನನ್ನಾದರೂ ಹೇಳಬಹುದು, ಹೆಸರಿನ ಮೂಲದ ಬಗ್ಗೆ ಹೇಳಲಾರವು.

ಕೊನೆಯ ಹೆಜ್ಜೆ: ನಕ್ಷೆಯನ್ನು ಬಿಡಿಸುವುದು

ಒಂದು ಜಗತ್ತಿನ ನಕ್ಷೆಯ ಮೇಲೆ ಸೋಜ ನದಿಯ ಸಂಗಮವನ್ನು ಮೊದಲು ಗುರುತಿಸಿ. ಅಲ್ಲಿಂದ ಸಾಂವ್ ವಿಸೆಂತೆ, ಸಾಲ್ವಡೋರ್, ಗೋವಾ, ಮಲಾಕ್ಕಾಗಳಿಗೆ ಗೆರೆಗಳನ್ನು ಎಳೆದು ವರ್ಷಗಳನ್ನು ಬರೆಯಿರಿ. ಬೆನಿನ್‌ಗೆ ಹೋಗುವ ಗೆರೆ ಪೋರ್ಚುಗಲ್‌ನಿಂದ ಹೊರಡಬಾರದು, ಬ್ರೆಜಿಲ್‌ನಿಂದ ಹೊರಡಬೇಕು. ಮಂಗಳೂರಿಗೆ ಬರುವ ಗೆರೆ ಗೋವೆಯಿಂದ ಬರಬೇಕು. ಹೆಸರು ಅಧಿಕಾರಿಯ ಜೊತೆ ಬಂದಲ್ಲಿ ಒಂದು ಬಣ್ಣ, ದೀಕ್ಷೆಯಿಂದ ಬಂದಲ್ಲಿ ಇನ್ನೊಂದು, ಸಂತತಿಯಿಂದ ಹರಡಿದಲ್ಲಿ ಮತ್ತೊಂದು ಬಣ್ಣ ಬಳಸಿ. ಪ್ರತಿ ಊರಿನ ಬಳಿ ಅಲ್ಲಿ ರೂಢಿಯಲ್ಲಿರುವ ಕಾಗುಣಿತವನ್ನೂ ಎಣಿಕೆಯ ವರ್ಷವನ್ನೂ ಬರೆಯಿರಿ. ನಿಮ್ಮ ಕುಟುಂಬದ ಗೆರೆಯನ್ನು ದಾಖಲೆ ಇರುವಷ್ಟು ದೂರಕ್ಕೆ ಗಟ್ಟಿಯಾಗಿ ಎಳೆದು, 1784ರ ಆಚೆಗೆ ಹಿರಿಯರ ಮಾತಿನ ಆಧಾರ ಮಾತ್ರ ಇದ್ದರೆ ಚುಕ್ಕಿಗಳಲ್ಲಿ ತೋರಿಸಿ.